ಎರೆಭೂಮಿಯ ಬಿರುಕಿಗೆ ಸುರಿದ ಆಯಿಲ್

ಕುಂಬಾರ ಆಯಿ ನಮ್ಮ ಹಿತ್ತಲಿಗೆ ಬಂದಾಗ ನಾನು ಒಂದು ಟ್ರ್ಯಾಕ್ಟರಿನ ಕೆಳಗೆ ಅಂಗಾತ ಮಲಗಿ ಇಂಜಿನ್ ಆಯಿಲ್ ಇಳಿಸುತ್ತಿದ್ದೆ. ನನಗೆ ಮೊದಲು ಕಂಡದ್ದು ಅವಳ ಎರಡು ಪಾದ. ಆಮೇಲೆ ಅವಳು ನೆಲಕ್ಕಿಟ್ಟ ಬುಟ್ಟಿ. ಬುಟ್ಟಿಯ ತುಂಬ ಹಸಿ ಮಣ್ಣಿತ್ತು.

“ಹೊರಗ ಬಾರೋ ತಮ್ಮಾ. ಈ ಮಣ್ಣ ಒಂದೀಟು ಮೂಸಿ ನೋಡು.”

“ಕೈ ಖಾಲಿ ಇಲ್ಲ ಆಯಿ. ಬೋಲ್ಟ್ ಬಿಚ್ಚೀನಿ.”

“ನಿನ್ನ ಬೋಲ್ಟ್ ಎಲ್ಲಿ ಓಡಿ ಹೋಗತೈತಿ? ಬಾ ಅಂದ್ರ ಬಾ.”

ಎಪ್ಪತ್ತು ದಾಟಿದ ಹೆಂಗಸು. ನಮ್ಮೂರಿನ ಪ್ರತಿ ಒಕ್ಕಲುತನದ ಮನೆಗೆ ಮಣ್ಣೆತ್ತಿನ ಅಮಾವಾಸ್ಯೆಗೆ ಒಂದು ಜೋಡಿ ಎತ್ತು, ಜೊತೆಗೆ ಅವು ಮೇಯಲೊಂದು ಗ್ವಾದಲಿ ಮಾಡಿ ಕೊಡುವವಳು ಇವಳೇ. ಮಣ್ಣನ್ನು ಎಲ್ಲೆಂದರಲ್ಲಿ ಅಗೆಯುವವಳಲ್ಲ. ರೋಹಿಣಿ ಮಳೆ ಒಂದು ಸಲ ಬಿದ್ದ ಮೇಲೆ, ಕೆರೆಗೆ ನೀರು ತರುವ ಕಾಲುವೆಯಲ್ಲಿ ನುಣ್ಣಗೆ ಕೂತ ಮಣ್ಣೇ ಆಗಬೇಕು. ಅಮಾವಾಸ್ಯೆಗೆ ಇನ್ನೂ ಎಂಟು ದಿನ ಇತ್ತು. ಅಷ್ಟು ದಿನ ಮೊದಲೇ ತಂದು, ಕಲ್ಲು ಕಡ್ಡಿ ಆರಿಸಿ, ತುಳಿದು ಹದ ಮಾಡುವುದು ಅವಳ ಪದ್ಧತಿ.

ಹೊರಗೆ ಬಂದು ಮಣ್ಣನ್ನು ಮೂಗಿನ ಹತ್ತಿರ ತಂದೆ. ಬೇರೆ ಯಾರಾದರೂ ಆಗಿದ್ದರೆ ಇದೇನು ವಾಸನೆ ಎಂದು ಕೇಳುತ್ತಿದ್ದರು. ನಾನು ಕೇಳಬೇಕಾಗಿರಲಿಲ್ಲ. ಹದಿನೈದು ವರ್ಷದಿಂದ ಊಟಕ್ಕೆ ಕೂತಾಗಲೂ ನನ್ನ ಕೈಯಿಂದ ಹೋಗದ ವಾಸನೆ ಅದು. ಆದರೆ ಬಾಯಿ ಮಾತ್ರ ಬೇರೆಯೇ ಹೇಳಿತು.

“ಯಾರೋ ಕಾಲವಿಯೊಳಗ ಟ್ರ್ಯಾಕ್ಟರ್ ತೊಳದಿರಬೇಕ್ ಬಿಡು.”

“ಯಾರೋ ಅಂದ್ರ ಯಾರು? ಊರಾಗ ಗಾಡಿ ಬಿಚ್ಚಾಂವ ನೀನೊಬ್ಬನ ಅದೀ.”

ಅಷ್ಟು ಹೇಳಿ ಬುಟ್ಟಿಯನ್ನು ಅಲ್ಲಿಯೇ ಬಿಟ್ಟು ಹೋದಳು. ನಾನು ಮತ್ತೆ ಟ್ರ್ಯಾಕ್ಟರಿನ ಕೆಳಗೆ ಹೋಗಿ ಮಲಗಿದೆ. ಬೋಲ್ಟ್ ಬಿಗಿಯುವುದನ್ನು ಮರೆತು ಸುಮ್ಮನೆ ಮಲಗಿದ್ದೆ.

ನನ್ನದು ಎರಡು ಕೆಲಸ. ಬೆಳಗ್ಗೆ ನಾನು ಪಂಚಾಯ್ತಿಯ ವಾಟರ್‌ಮನ್. ಕೆರೆಯ ನೀರನ್ನು ಮೋಟಾರಿನಿಂದ ಮೇಲಿನ ಟ್ಯಾಂಕಿಗೆ ಏರಿಸಬೇಕು, ಓಣಿ ಓಣಿಗೆ ವಾಲ್ವ್ ತಿರುವಬೇಕು, ಮಳೆಗಾಲದಲ್ಲಿ ಕಾಲುವೆ ಕೆರೆಗೆ ಸೇರುವ ಬಾಯಿಯಲ್ಲಿರುವ ಹಲಗೆಯನ್ನು ಎತ್ತಿ ಕೆರೆಗೆ ನೀರು ಬಿಡಬೇಕು. ಮಧ್ಯಾಹ್ನದಿಂದ ಮನೆ ಹಿತ್ತಲಿನ ಬೇವಿನ ಮರದ ಕೆಳಗೆ ಊರವರ ಬೈಕು, ಟ್ರ್ಯಾಕ್ಟರು ರಿಪೇರಿ. ಬೋರ್ಡು ಇಲ್ಲ, ಅಂಗಡಿ ಇಲ್ಲ. ಸಂಶಿಗೋ ಹುಬ್ಬಳ್ಳಿಗೋ ಹೋಗಿ ದಿನ ಕಳೆಯುವ ಬದಲು ಜನ ನನ್ನ ಹತ್ತಿರ ಬರುತ್ತಾರೆ.

ನಮ್ಮ ಕಡೆ ನೆಲ ಕೊರೆದರೆ ಸಿಗುವುದು ಸವುಳು ನೀರು. ಬೇಳೆ ಬೇಯುವುದಿಲ್ಲ, ಬಾಯಿಗೆ ಹಾಕಲಾಗುವುದಿಲ್ಲ. ಕುಡಿಯುವುದಕ್ಕೆ ಇರುವುದು ಕೆರೆ ಒಂದೇ. ಮೆಟ್ಟಿಲ ಮೇಲೇ ಚಪ್ಪಲಿ ಬಿಟ್ಟು ಇಳಿಯುತ್ತೇವೆ. ಅದರಲ್ಲಿ ಕಾಲು ತೊಳೆದವರನ್ನು ನಾನು ಊರ ಮುಂದೆ ಬೈದಿದ್ದೇನೆ. ಎಮ್ಮೆ ಇಳಿಸಿದವನೊಬ್ಬನ ಕೊರಳಪಟ್ಟಿ ಹಿಡಿದದ್ದೂ ಉಂಟು. ಅಂಥ ಶಿಸ್ತಿನ ಮನುಷ್ಯ ನಾನು.

ಈಗ ಆಯಿಲ್ಲಿನ ವಿಷಯ. ಟ್ರ್ಯಾಕ್ಟರಿನಿಂದ ಇಳಿಸಿದ ಹಳೆ ಆಯಿಲ್ಲನ್ನು ನಮ್ಮಲ್ಲಿ ಯಾರೂ ಕಸ ಎಂದು ತಿಳಿಯುವುದಿಲ್ಲ. ಗೆದ್ದಲು ಹತ್ತಬಾರದೆಂದು ತೊಲೆಗೆ ಬಳಿಯುತ್ತಾರೆ, ಚಕ್ಕಡಿ ಅಚ್ಚಿಗೆ ಹಾಕುತ್ತಾರೆ, ಸ್ಲ್ಯಾಬ್ ಹಾಕುವವರು ಸೆಂಟ್ರಿಂಗ್ ಹಲಗೆಗೆ ಹಚ್ಚಲು ಒಯ್ಯುತ್ತಾರೆ. ಆದರೆ ಬಿತ್ತನೆಗೆ ಮುಂಚೆ ಎಲ್ಲರೂ ಒಮ್ಮೆಲೇ ಟ್ರ್ಯಾಕ್ಟರ್ ತಂದು ನಿಲ್ಲಿಸಿದಾಗ ಡಬ್ಬಿಗಟ್ಟಲೆ ಉಳಿಯುತ್ತಿತ್ತು. ಅದನ್ನು ಗಟಾರಕ್ಕೆ ಸುರಿಯುವ ಜಾತಿಯವನಲ್ಲ ನಾನು. ಬೇಸಿಗೆಯಲ್ಲಿ ನಮ್ಮ ಎರೆಭೂಮಿ ಬಾಯಿ ಬಿಡುತ್ತದೆ. ಹಿತ್ತಲಿನ ತುದಿಯಲ್ಲಿ ಮೊಣಕೈವರೆಗೆ ಕೈ ಇಳಿಯುವಂಥ ಬಿರುಕುಗಳು. ಅವುಗಳಲ್ಲಿ ಸುರಿಯುತ್ತಿದ್ದೆ. ಒಂದು ಡಬ್ಬಿ ಸುರಿದರೆ ಗುಟಕ್ ಎನ್ನದೆ ಒಳಗೆ ಹೋಗುತ್ತಿತ್ತು. ಮಳೆ ಬಿದ್ದರೆ ಬಿರುಕು ಮುಚ್ಚಿಕೊಂಡು, ಅಲ್ಲಿ ಏನೂ ನಡೆದೇ ಇಲ್ಲವೆಂಬಂತೆ ನೆಲ ಸಪಾಟಾಗುತ್ತಿತ್ತು.

“ಎರಿ ನುಂಗಿದ್ದನ್ನ ಉಗುಳಂಗಿಲ್ಲ” ಎಂದು ನಮ್ಮ ಕಡೆ ಹಿರಿಯರು ಹೇಳುತ್ತಾರೆ. ಬೀಜ ಕಳೆದುಕೊಂಡವರು, ಬಿರುಕಿನಲ್ಲಿ ಬೆಳ್ಳಿ ಉಂಗುರ ಬೀಳಿಸಿಕೊಂಡವರು ಹೇಳಿದ ಮಾತು. ನಾನು ಅದನ್ನು ಆಯಿಲ್ಲಿಗೂ ಹಚ್ಚಿದೆ. ಬೇರೆ ಊರುಗಳಲ್ಲಿ ಗಟಾರಕ್ಕೆ ಸುರಿಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತಿತ್ತು. ನನ್ನ ಹಿತ್ತಲು ನೋಡಿ ಕಲಿಯಿರಿ ಎಂದು ಇಬ್ಬರು ಮೂವರಿಗೆ ಬುದ್ಧಿ ಹೇಳಿದ್ದೆ ಕೂಡ.

ಸಂಜೆ ಕಾಲುವೆಗೆ ಹೋದೆ. ರೋಹಿಣಿ ಮಳೆಯ ನೀರು ಹರಿದು ಹೋಗಿ ಅಲ್ಲಲ್ಲಿ ಗುಂಡಿಗಳಲ್ಲಿ ಮಾತ್ರ ನಿಂತಿತ್ತು. ಪ್ರತಿ ಗುಂಡಿಯ ಮೇಲೆ ನೇರಳೆ, ಹಸಿರು, ಹಳದಿ ಬಣ್ಣದ ಪದರ. ಕಡ್ಡಿಯಿಂದ ಕಲಕಿದರೆ ಒಡೆದು ಮತ್ತೆ ಕೂಡುತ್ತಿತ್ತು. ನಾನು ಕಾಲುವೆಯ ಮೇಲ್ಭಾಗಕ್ಕೆ ನಡೆಯುತ್ತ ಹೋದೆ. ಯಾರದಾದರೂ ಒಡೆದ ಡಬ್ಬಿ ಸಿಗಲಿ, ಬೇರೆಯವರ ತಪ್ಪು ಕಣ್ಣಿಗೆ ಬೀಳಲಿ ಎಂದು ನಮ್ಮ ಮನೆದೇವರಿಗೆ ಬೇಡಿಕೊಂಡೆ. ಬಣ್ಣ ನಮ್ಮ ಹಿತ್ತಲಿನ ಬೇಲಿಯ ಎದುರಿಗೆ ನಿಂತಿತು. ಅದರಿಂದಾಚೆ ನೀರು ಬರೀ ಮಣ್ಣಿನ ಬಣ್ಣ.

ಕಾಲುವೆಯ ದಂಡೆಯನ್ನು ಬಗ್ಗಿ ನೋಡಿದೆ. ನೆಲದಿಂದ ಒಂದು ಗೇಣು ಕೆಳಗೆ, ಮಣ್ಣಿನ ಪದರದಿಂದ ಕರಿ ಹನಿಗಳು ಇಳಿಯುತ್ತಿದ್ದವು. ಆಗ ತಿಳಿಯಿತು. ಒಣಗಿದ ಎರೆ ಬಾಯಿ ತೆರೆಯುತ್ತದೆ, ನೀರು ಕುಡಿದ ಎರೆ ಉಬ್ಬುತ್ತದೆ. ಉಬ್ಬಿದಾಗ ಒದ್ದೆ ಬಟ್ಟೆಯನ್ನು ಹಿಂಡಿದ ಹಾಗೆ ಒಳಗಿನದನ್ನೆಲ್ಲ ಪಕ್ಕಕ್ಕೆ ತಳ್ಳುತ್ತದೆ. ಪಕ್ಕದಲ್ಲಿ ಇದ್ದದ್ದು ಊರು ಕುಡಿಯುವ ನೀರಿನ ಕಾಲುವೆ. ಇಷ್ಟು ವರ್ಷ ಎಷ್ಟು ಹೋಗಿದೆಯೋ ದೇವರೇ ಬಲ್ಲ. ಹಿಂದಿನ ವರ್ಷಗಳಲ್ಲಿ ಮಳೆ ಜೋರಾಗಿ ಬಂದು ತೊಳೆದುಕೊಂಡು ಹೋಗಿತ್ತು, ಈ ಸಲ ಮಳೆ ಕಡಿಮೆಯಾಗಿ ಅಲ್ಲಿಯೇ ನಿಂತಿತ್ತು. ಅಷ್ಟೇ ವ್ಯತ್ಯಾಸ.

ದೊಡ್ಡ ಮಳೆ ಇನ್ನೂ ಬಂದಿರಲಿಲ್ಲ. ಬಂದರೆ ಇದೆಲ್ಲ ಕೆರೆಯಲ್ಲಿ. ಕೆರೆಯ ತಳದಲ್ಲಿ ಆಗ ಉಳಿದದ್ದು ಮೊಣಕಾಲುದ್ದ ನೀರು.

ಮರುದಿನ ವಾಲ್ವ್ ತಿರುವಿ ಬಂದವನೇ ಸಲಿಕೆ ಹಿಡಿದೆ. ಹಸಿ ಎರೆ ಅಗೆದವರಿಗೆ ಗೊತ್ತು ಆ ಹಿಂಸೆ. ಒಂದು ಸಲಿಕೆ ಮಣ್ಣು ಎತ್ತಿದರೆ ಅದು ಸಲಿಕೆಯನ್ನು ಬಿಡುವುದಿಲ್ಲ, ಕೈಯಿಂದ ಕೆರೆದು ತೆಗೆಯಬೇಕು. ಮೊಣಕಾಲಿನಷ್ಟು ಆಳ ಹೋದೆ, ವಾಸನೆ. ಸೊಂಟದಷ್ಟು ಹೋದೆ, ಅಲ್ಲಿಯೂ ವಾಸನೆ. ಬಿರುಕು ಎಲ್ಲಿ ತಿರುಗಿದೆಯೋ ಆಯಿಲ್ ಅಲ್ಲೆಲ್ಲ ತಿರುಗಿತ್ತು. ತೆಗೆದ ಮಣ್ಣನ್ನು ಗೊಬ್ಬರದ ಖಾಲಿ ಚೀಲಗಳಿಗೆ ತುಂಬಿ, ಪ್ಲಾಸ್ಟಿಕ್ ತಾಡಪಾಲು ಹಾಸಿ ಅದರ ಮೇಲೆ ಒಟ್ಟಿದೆ. ನನ್ನ ಹೆಂಡತಿ ಚೀಲದ ಬಾಯಿ ಹಿಡಿಯುತ್ತಿದ್ದಳು.

“ಅಲ್ರಿ, ಈ ಮಣ್ಣ ಎಲ್ಲಿ ಒಗೀತೀರಿ?” ಎಂದು ಕೇಳಿದಳು.

“ಮದಲ ತಗಿಯೂಣು. ಆಮ್ಯಾಲ ನೋಡೂಣು.”

“ಆಮ್ಯಾಲ ಅಂದ್ರ? ಹೊಲಕ್ಕ ಒಗದ್ರ ಹೊಲ ಕೆಡತೈತಿ. ಹಳ್ಳಕ್ಕ ಒಗದ್ರ ಕೆಳಗಿನ ಊರವ್ರು ಏನ್ ಕುಡೀಬೇಕು?”

ನನಗೆ ಸಿಟ್ಟು ಬಂತು. ಅವಳ ಮೇಲೆ ಬಂದ ಸಿಟ್ಟಲ್ಲ, ಆದರೆ ಬೈದದ್ದು ಅವಳಿಗೇ. ಅವಳು ಚೀಲ ಬಿಟ್ಟು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ತಾನೇ ತಿರುಗಿ ಬಂದು ಮತ್ತೆ ಬಾಯಿ ಹಿಡಿದಳು.

ಎರಡನೆಯ ದಿನ ನಾನೊಂದು ಹೆಡ್ಡತನ ಮಾಡಿದೆ. ಕೈಗೆ ಹತ್ತಿದ ಆಯಿಲ್ ಸೋಪಿನ ಪುಡಿಗೆ ಹೋಗುತ್ತದಲ್ಲ, ನೀರಿನ ಮೇಲಿನದೂ ಹೋದೀತು ಎಂದು ಗುಂಡಿಗಳಿಗೆ ಸೋಪಿನ ಪುಡಿ ಸುರಿದು ಕಲಕಿದೆ. ಬಣ್ಣದ ಪದರ ಕಣ್ಣೆದುರಿಗೇ ಮಾಯವಾಯಿತು. ಎಂಥ ಖುಷಿ ನನಗೆ. ಹೆಂಡತಿಯನ್ನು ಕರೆದು ತೋರಿಸಿದೆ. ಮರುದಿನ ಬೆಳಗ್ಗೆ ಹೋದರೆ ನೀರು ಮಜ್ಜಿಗೆಯಂತೆ ಬೆಳ್ಳಗಾಗಿ, ಕಪ್ಪೆಮರಿಗಳೆಲ್ಲ ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ಆಯಿಲ್ ಎಲ್ಲಿಯೂ ಹೋಗಿರಲಿಲ್ಲ. ಮೇಲೆ ತೇಲುತ್ತ ಕಣ್ಣಿಗೆ ಕಾಣುತ್ತಿದ್ದದ್ದನ್ನು ನಾನೇ ನೀರಿನೊಳಗೆ ಬೆರೆಸಿ, ಬೇರೆ ಮಾಡಲಾಗದ ಹಾಗೆ ಮಾಡಿದ್ದೆ. ಆ ನೀರನ್ನು ಬಕೇಟಿನಿಂದ ಮೊಗೆದು ಒಂದು ಡ್ರಮ್ಮಿಗೆ ತುಂಬಿದೆ. ಕಪ್ಪೆಮರಿಗಳನ್ನೂ ಅದರಲ್ಲಿಯೇ.

ಆಮೇಲೆ ಹೊಳೆದದ್ದು ಹತ್ತಿ. ಕೈ ಒರೆಸಲು ಹತ್ತಿ ಬಳಸುವಾಗ ನೋಡಿದ್ದೆ, ಹೊಲದಿಂದ ಬಿಡಿಸಿದ ಹತ್ತಿ ನೀರನ್ನು ಬೇಗ ಹೀರುವುದಿಲ್ಲ, ಆಯಿಲ್ಲನ್ನು ತಕ್ಷಣ ಹೀರುತ್ತದೆ. ಹೊಸ ಗಾದಿಗೆಂದು ಹೆಂಡತಿ ಅಟ್ಟದ ಮೇಲೆ ಎತ್ತಿಟ್ಟಿದ್ದ ಹತ್ತಿಯನ್ನು ಇಳಿಸಿ, ಹಳೆ ಸೀರೆಯಲ್ಲಿ ಉದ್ದಕ್ಕೆ ತುಂಬಿ ಹೊಲಿದು, ಕಾಲುವೆಗೆ ಅಡ್ಡಲಾಗಿ ಮೂರು ಕಡೆ ಗೂಟ ಹೊಡೆದು ಕಟ್ಟಿದೆವು. ದಂಡೆಯಿಂದ ಇಳಿಯುವ ಹನಿಗೆ ಅದು ಸಾಕಿತ್ತು. ರಭಸದ ನೀರಿಗೆ ಸಾಲದು ಎಂದು ಕಟ್ಟುವಾಗಲೇ ಗೊತ್ತಿತ್ತು.

ನಾಲ್ಕನೆಯ ದಿನ, ಟ್ರ್ಯಾಕ್ಟರಿನಿಂದ ಇಳಿಸಿದ ಆಯಿಲ್ಲನ್ನು ಎರಡು ಕ್ಯಾನಿಗೆ ಸೋಸಿ, ಬೈಕಿಗೆ ಕಟ್ಟಿಕೊಂಡು ಹುಬ್ಬಳ್ಳಿಗೆ ಹೋದೆ. ಇನ್ನು ಮುಂದೆ ಒಂದು ಹನಿಯನ್ನೂ ನೆಲಕ್ಕೆ ಬಿಡಬಾರದು, ಎಲ್ಲಿಯಾದರೂ ತೆಗೆದುಕೊಳ್ಳುವವರು ಇದ್ದೇ ಇರುತ್ತಾರೆ ಎಂಬ ಧೈರ್ಯ ಇತ್ತು.

ದೊಡ್ಡ ವರ್ಕ್‌ಶಾಪಿನಲ್ಲಿ ಮೇಲ್ವಿಚಾರಕ ಕ್ಯಾನುಗಳನ್ನು ನೋಡಿ ತಲೆ ಆಡಿಸಿದ. “ನಮ್ಮಲ್ಲಿ ಇಳಿಸಿದ್ದಕ್ಕ ಅಷ್ಟ ಲೆಕ್ಕ ಇಡ್ತೀವ್ರಿ. ಹೊರಗಿಂದು ತಗೊಂಡ್ರ ಅದು ನಮ್ಮ ಕೊರಳಿಗೆ ಬರತೈತಿ.” ಪೆಟ್ರೋಲ್ ಬಂಕಿನವನು ನಕ್ಕುಬಿಟ್ಟ. ಸರ್ಕಾರಿ ಕಚೇರಿಯೊಂದಕ್ಕೆ ಫೋನು ಹಚ್ಚಿದೆ. ನಿಮ್ಮ ಘಟಕದ ನೋಂದಣಿ ಸಂಖ್ಯೆ ಹೇಳಿರಿ ಎಂದರು. ಬೇವಿನ ಮರದ ಕೆಳಗಿನ ಘಟಕಕ್ಕೆ ಎಂಥ ಸಂಖ್ಯೆ? ಅರ್ಜಿ ಕೊಡಿ ಎಂದು ಫೋನು ಇಟ್ಟರು. ಗುಜರಿ ಅಂಗಡಿಯವನು ಮಾತ್ರ ಕೈ ಚಾಚಿ ಕರೆದ.

“ಎಷ್ಟ ಇದ್ರೂ ತರ್ರಿ. ನಾ ತಗೋತೀನಿ.”

“ತಗೊಂಡು ಏನ್ ಮಾಡ್ತೀರಿ?”

“ಇಟ್ಟಂಗಿ ಭಟ್ಟಿಗೆ ಕೊಡ್ತೀನ್ರಿ. ಕಟಿಗಿ ಮ್ಯಾಲ ಹಾಕಿ ಸುಡ್ತಾರ. ಅಗದಿ ಚಲೋ ಉರೀತೈತಿ.”

ಆ ಇಟ್ಟಿಗೆ ಭಟ್ಟಿಯ ಕರಿ ಹೊಗೆಯನ್ನು ನಾನು ದಾರಿಯಲ್ಲಿ ನೋಡಿದ್ದೆ. ಅದರ ಹಿಂದೆ ಕೂಲಿಗಳ ಗುಡಿಸಲುಗಳಿದ್ದವು. ನೆಲದಿಂದ ತೆಗೆದು ಅವರ ಎದೆಗೆ ಹಾಕುವುದು ಎಂಥ ನ್ಯಾಯ? ಕ್ಯಾನುಗಳನ್ನು ಮತ್ತೆ ಬೈಕಿಗೆ ಕಟ್ಟಿದೆ. ನೀವೇನು ಹುಚ್ಚರೇನ್ರಿ ಎಂದು ಗುಜರಿಯವನು ಹಿಂದಿನಿಂದ ಕೇಳಿದ.

ಕೊನೆಗೆ ನಾನು ಯಾವಾಗಲೂ ಫಿಲ್ಟರ್, ಗ್ಯಾಸ್ಕೆಟ್ ಕೊಳ್ಳುವ ಬಿಡಿಭಾಗದ ಅಂಗಡಿಗೆ ಹೋಗಿ ಕೂತೆ. ಮಾಲೀಕರು ವಯಸ್ಸಾದವರು. ಚಹಾ ತರಿಸಿ, ನಾನು ಹೇಳಿದ್ದನ್ನೆಲ್ಲ ಕೇಳಿದರು.

“ಪರವಾನಗಿ ಇದ್ದವ್ರ ಗಾಡಿ ಬರತೈತ್ರಿ. ಅವ್ರು ಹಳಿ ಆಯಿಲ್ ಒಯ್ದು ಶುದ್ಧ ಮಾಡಿ ಮತ್ತ ಆಯಿಲ್ ಮಾಡ್ತಾರ. ಆದ್ರ ಕ್ಯಾನಿಗೆ ಬರಂಗಿಲ್ಲ, ಬ್ಯಾರಲ್ ತುಂಬಬೇಕು. ನನ್ನ ಹಿಂದಿನ ಖೋಲಿಯೊಳಗ ಒಂದ್ ಬ್ಯಾರಲ್ ಇಡಾಕ ಜಾಗ ಕೊಡ್ತೀನಿ, ನಿಮ್ಮಂಗ ಮನ್ಯಾಗ ಗಾಡಿ ಬಿಚ್ಚಾವ್ರು ತಂದು ಹಾಕ್ರಿ. ಒಂದ ಮಾತು. ಆಯಿಲ್ ಅಂದ್ರ ಆಯಿಲ್ ಅಷ್ಟ. ಡೀಸೆಲ್ ಕೂಡ್ಸಬ್ಯಾಡ್ರಿ, ಬ್ರೇಕ್ ಆಯಿಲ್ ಕೂಡ್ಸಬ್ಯಾಡ್ರಿ, ಒಂದ್ ಹನಿ ನೀರ ಕೂಡ್ಸಬ್ಯಾಡ್ರಿ. ಕೂಡ್ಸಿದ್ರ ಅವ್ರು ಮುಟ್ಟಂಗಿಲ್ಲ.”

“ಮತ್ತ ನನ್ನ ಡ್ರಮ್ಮಿನ ನೀರು? ಸೋಪಿಂದು?”

“ಅದನ್ನ ಯಾರೂ ತಗೊಳಂಗಿಲ್ರಿ.”

“ಮಣ್ಣು?”

ಅವರು ಚಹಾದ ಲೋಟ ಕೆಳಗಿಟ್ಟರು. “ಮಣ್ಣಿಗೆ ನಮ್ಮಂಥವ್ರಿಗೆ ದಾರಿ ಇಲ್ರಿ. ಇದ್ರೂ ನನಗ ಗೊತ್ತಿಲ್ಲ.”

ಎರಡು ಕ್ಯಾನು ಅಲ್ಲಿ ಬಿಟ್ಟು ಬಂದೆ. ಕೈಯಲ್ಲಿದ್ದ ಆಯಿಲ್ಲಿಗೆ ದಾರಿ ಸಿಕ್ಕಿತ್ತು. ನೆಲಕ್ಕೆ ಹೋದದ್ದಕ್ಕೆ ಇರಲಿಲ್ಲ. ಬರುವಾಗ ಬೈಕು ಮಾತ್ರ ಹಗುರವಾಗಿತ್ತು.

ಮರುದಿನ ಪಂಚಾಯ್ತಿ ಅಧಿಕಾರಿಗೆ ಎಲ್ಲವನ್ನೂ ಹೇಳಿದೆ. ಕೆಲಸದಿಂದ ತೆಗೆಯುತ್ತಾರೆ ಎಂದುಕೊಂಡಿದ್ದೆ. ತೆಗೆದಿದ್ದರೆ ಸಮಾಧಾನವಾಗುತ್ತಿತ್ತೋ ಏನೋ. ಅವರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು.

“ಇದನ್ನ ಯಾರ ಮುಂದೂ ಹೇಳಬ್ಯಾಡ. ಒಂದ್ ದೊಡ್ಡ ಮಳಿ ಬಂದ್ರ ಎಲ್ಲಾ ತೊಳಕೊಂಡ ಹೋಗತೈತಿ.”

“ಎಲ್ಲಿಗೆ ಹೋಗತೈತ್ರಿ ಸಾಹೇಬ್ರ? ಕೆರಿಗೆ ಅಲ್ಲೇನ್ರಿ?”

ಅವರು ಕಾಗದ ತಿರುವಿ ಹಾಕುತ್ತ ಕುಳಿತರು. ನಾನು ಹೊರಗೆ ಬಂದೆ.

ಅಮಾವಾಸ್ಯೆಯ ದಿನ ಬೆಳಗ್ಗೆ ಮೋಡ ಕಟ್ಟಿತ್ತು. ಎತ್ತು ಒಯ್ಯಲು ಜನ ಕುಂಬಾರ ಆಯಿಯ ಕಟ್ಟೆಗೆ ಬಂದಿದ್ದರು. ಈ ಸಲ ಅವಳು ಮಣ್ಣನ್ನು ದೂರದ ಹೊಲವೊಂದರ ಬದುವಿನಿಂದ ಹೊತ್ತು ತಂದಿದ್ದಳು. ಅದು ಹದಕ್ಕೆ ಬಂದಿರಲಿಲ್ಲ, ಎತ್ತುಗಳ ಕೊಂಬು ಮೊಂಡಾಗಿದ್ದವು. ಯಾಕವ್ವ ಹಿಂಗ ಎಂದು ಯಾರೋ ಕೇಳಿದರು. ಅವಳು ಕೈ ಒರೆಸಿಕೊಂಡಳು. ಜನರ ಹಿಂದೆ ನಿಂತಿದ್ದ ನನ್ನನ್ನು ನೋಡಿದಳು.

“ನೀ ಹೇಳ್ತೀಯೋ, ನಾ ಹೇಳ್ಲೋ?”

ನಾನೇ ಹೇಳಿದೆ. ಬಿರುಕು, ಡಬ್ಬಿ, ಕಾಲುವೆ, ಸೋಪು, ಎಲ್ಲ. ಹೇಳುವಾಗ ಯಾರ ಮುಖವನ್ನೂ ನೋಡಲಾಗಲಿಲ್ಲ, ಕಟ್ಟೆಯ ಮೇಲೆ ಸಾಲಾಗಿ ನಿಂತ ಎತ್ತುಗಳನ್ನೇ ನೋಡುತ್ತಿದ್ದೆ. ಎಮ್ಮೆ ಇಳಿಸಿದ್ದಕ್ಕೆ ನಾನು ಕೊರಳಪಟ್ಟಿ ಹಿಡಿದಿದ್ದ ಮನುಷ್ಯನೂ ಅಲ್ಲಿದ್ದ. ಅವನು ಬೈದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ.

“ಆ ಆಯಿಲ್ ನನ್ನ ಟ್ರ್ಯಾಕ್ಟರಿಂದೂ ಐತಿ” ಎಂದ ಅವನು.

ನಾನು ಹೇಳಿದ ಉಪಾಯ ಇಷ್ಟು: ದೊಡ್ಡ ಮಳೆಯ ಮೊದಲ ನೀರನ್ನು ಕೆರೆಗೆ ಬಿಡುವುದು ಬೇಡ. ಹಳ್ಳಕ್ಕೂ ಬೇಡ. ನಮ್ಮ ಹಿತ್ತಲಿಗೂ ಕೆರೆಗೂ ನಡುವೆ, ಕಾಲುವೆಗೆ ಹತ್ತಿಕೊಂಡೇ ನನ್ನ ಎರಡು ಎಕರೆ ಹೊಲ ಇದೆ. ಅಲ್ಲಿ ಕಾಲುವೆ ಒಡೆದು, ಸುತ್ತ ಒಡ್ಡು ಏರಿಸಿ, ನೀರನ್ನು ಅಲ್ಲಿಯೇ ನಿಲ್ಲಿಸೋಣ. ಹೊಲದಲ್ಲಿ ಹೆಸರು ನಾಲ್ಕು ಎಲೆ ಬಿಟ್ಟಿತ್ತು.

“ಕೆರಿ ತಳ ಕಂಡೈತಿ” ಎಂದರು ಒಬ್ಬ ಹಿರಿಯರು. “ಮದಲ ನೀರ ಹೊಲಕ್ಕ ಬಿಟ್ರ ಮತ್ತ ಮಳಿ ಬರತೈತಂತ ನೀ ಬರಕೊಡ್ತೀಯೇನು?”

“ಇಲ್ರಿ ಕಾಕಾ. ನಾ ಏನೂ ಬರಕೊಡಾಕ ಬರಂಗಿಲ್ಲ.”

ಜನ ಎತ್ತುಗಳನ್ನು ತಟ್ಟೆಯಲ್ಲಿಟ್ಟುಕೊಂಡು ಮನೆಗೆ ಹೋದರು. ಎಲ್ಲರೂ ಹೋದ ಮೇಲೆ ಆಯಿ ಒಳಗಿನಿಂದ ಒಂದು ಒಂಟಿ ಎತ್ತು ತಂದು ನನ್ನ ಕೈಗಿಟ್ಟಳು. ನನ್ನ ಹಿತ್ತಲಿನಲ್ಲಿ ಬಿಟ್ಟು ಹೋಗುವ ಮೊದಲೇ ಆ ಬುಟ್ಟಿಯಿಂದ ಅವಳು ಒಂದು ಮುದ್ದೆ ಇಟ್ಟುಕೊಂಡಿದ್ದಳಂತೆ. ಅದರಿಂದ ಮಾಡಿದ್ದು. ಕೊಂಬು, ಹಿಣಿಲು, ಬಾಲ ಎಲ್ಲ ತಿದ್ದಿದ ಹಾಗೆ ಬಂದಿದ್ದವು.

“ಇದನ್ನ ಪೂಜಿ ಮಾಡಬ್ಯಾಡ. ಇಟ್ಗೊ ಅಷ್ಟ.”

ಪೂಜೆ ಊಟ ಮುಗಿಸಿ ಎಂಟು ಮಂದಿ ಸಲಿಕೆ ತೆಗೆದುಕೊಂಡು ಹೊಲಕ್ಕೆ ಬಂದರು. ಎಮ್ಮೆಯವನು ಮೊದಲು ಬಂದ. ಹೊತ್ತು ಮುಳುಗುವುದರೊಳಗೆ ಒಡ್ಡು ಸೊಂಟದೆತ್ತರ ಆಯಿತು. ಕಾಲುವೆಯ ಬಾಯಿಯ ಹಲಗೆಯನ್ನು ಇಳಿಸಿ, ಅದರ ಹಿಂದೆ ಮರಳಿನ ಚೀಲ ಪೇರಿಸಿದೆವು.

ಮರುದಿನ ಮಧ್ಯಾಹ್ನ ಮೂರು ಗಂಟೆಗೆ ಮಳೆ ಹಿಡಿಯಿತು. ಆ ವರ್ಷದ ಮೊದಲ ದೊಡ್ಡ ಮಳೆ. ಕಾಲುವೆ ರಾಡಿಯಾಗಿ ತುಂಬಿ ಬಂದು ನನ್ನ ಹಿತ್ತಲನ್ನು ದಾಟಿತು. ದಾಟುವಾಗ ನೋಡಿದೆ, ನಾನು ಅಗೆದು ಮುಗಿಸಿದೆ ಎಂದುಕೊಂಡಿದ್ದ ಜಾಗದಿಂದ ಇನ್ನೂ ಬಣ್ಣ ಏಳುತ್ತಿತ್ತು. ಹತ್ತಿ ತುಂಬಿದ ಸೀರೆಗಳು ಗೂಟ ಸಮೇತ ಕಿತ್ತು ಹೋದವು. ನೀರು ನನ್ನ ಹೊಲಕ್ಕೆ ತಿರುಗಿ ಹೆಸರಿನ ಸಾಲುಗಳ ನಡುವೆ ಹರಿಯಿತು. ಸ್ವಲ್ಪ ಹೊತ್ತಿಗೆ ಸಾಲು ಕಾಣಲಿಲ್ಲ.

ಊರವರು ಕೆರೆಯ ಏರಿಯ ಮೇಲೆ ಗೋಣಿಚೀಲದ ಕೊಪ್ಪೆ ಹಾಕಿಕೊಂಡು ನಿಂತಿದ್ದರು. ಖಾಲಿ ಕೆರೆ, ತುಂಬಿ ಹರಿಯುವ ಕಾಲುವೆ, ನಡುವೆ ನನ್ನ ಹಲಗೆ. ಹಲಗೆಯ ಹತ್ತಿರ ನಾನು ಮತ್ತು ಕುಂಬಾರ ಆಯಿ ಇದ್ದೆವು. ಅವಳು ಆಗಾಗ ಬಗ್ಗಿ ನೀರಿಗೆ ಬೆರಳು ಅದ್ದಿ, ಹೆಬ್ಬೆರಳಿಗೆ ಉಜ್ಜಿ, ಮೂಸಿ ನೋಡುತ್ತಿದ್ದಳು.

“ಇನ್ನೂ ಐತಿ.”

ಮಳೆ ಸುರಿಯುತ್ತಲೇ ಇತ್ತು.

“ಇನ್ನೂ ಐತಿ ತಮ್ಮಾ.”

ಒಡ್ಡಿನ ಒಂದು ಮೂಲೆ ಕುಸಿಯಲು ಹತ್ತಿತು. ಎಮ್ಮೆಯವನು ಅದರ ಮೇಲೆ ಚೀಲ ಹಾಕುತ್ತ, ಇನ್ನ ತಡಿಯಂಗಿಲ್ಲ, ಹಳ್ಳಕ್ಕ ಒಡೀತೈತಿ ಎಂದು ಕೂಗಿದ. ಒಡೆದರೆ ಆಯಿಲ್ ಬೆರೆತ ನೀರು ಕೆಳಗಿನ ಊರಿಗೆ. ಮಳೆಯ ಜೋರೂ ಇಳಿಯುತ್ತಿತ್ತು. ಈಗ ಬಿಡದಿದ್ದರೆ ಕೆರೆಗೆ ಏನೂ ಇಲ್ಲ. ನಾನು ಆಯಿಯ ಮುಖ ನೋಡಿದೆ. ಅವಳು ಮತ್ತೊಮ್ಮೆ ಬೆರಳು ಅದ್ದಿದಳು, ಮೂಸಿದಳು, ಸೆರಗಿಗೆ ಒರೆಸಿಕೊಂಡು ಇನ್ನೊಮ್ಮೆ ಮೂಸಿದಳು.

“ಈಗ ನನಗ ಗೊತ್ತಾಗವಲ್ದು” ಎಂದಳು. “ಮೂಗು ಸೋತೈತಿ. ಮಳಿ ಥಂಡಿ ಬ್ಯಾರೆ.”

ನಾನೂ ಮೂಸಿದೆ. ನನ್ನ ಕೈಯದೇ ವಾಸನೆ ಬಂತು. ಅದು ನೀರಿನಲ್ಲಿದೆಯೋ ಕೈಯಲ್ಲಿದೆಯೋ ತಿಳಿಯುವ ದಾರಿ ನನಗಿರಲಿಲ್ಲ. ಚೀಲ ಸರಿಸಿ, ಹಲಗೆ ಎತ್ತಿ, ಕೆರೆಗೆ ನೀರು ಬಿಟ್ಟೆ. ಏರಿಯ ಮೇಲಿದ್ದವರಲ್ಲಿ ಒಬ್ಬಿಬ್ಬರು ಕೈ ಮುಗಿದರು. ಕೆರೆ ಆ ದಿನ ಮೂರರಲ್ಲಿ ಒಂದು ಪಾಲೂ ತುಂಬಲಿಲ್ಲ. ಆಮೇಲಿನ ಮಳೆಗಳು ಅಷ್ಟಿಷ್ಟು ಕೂಡಿಸಿದವು.

ನೀರನ್ನು ಬಾಟಲಿಯಲ್ಲಿ ತುಂಬಿ ಪರೀಕ್ಷೆಗೆ ಕಳಿಸಿದೆವು. ಕುಡಿಯಲು ಯೋಗ್ಯ ಎಂದು ಬಂತು. ಉಪ್ಪು, ಗಡಸುತನ, ರೋಗಾಣು ಎಲ್ಲಕ್ಕೂ ಒಂದೊಂದು ಸಾಲು ಇತ್ತು. ಆಯಿಲ್ಲಿಗೆ ಆ ಕಾಗದದಲ್ಲಿ ಸಾಲೇ ಇರಲಿಲ್ಲ. ಈಗ ದಿನಾ ಬೆಳಗ್ಗೆ ಮೋಟಾರು ಹಚ್ಚುವ ಮುಂಚೆ ಕೆರೆಯ ಮೊದಲ ತಂಬಿಗೆ ನೀರನ್ನು ನಾನೇ ಕುಡಿಯುತ್ತೇನೆ. ಅದರಿಂದ ಏನೂ ತಿಳಿಯುವುದಿಲ್ಲ. ಆದರೂ ಕುಡಿಯುತ್ತೇನೆ.

ಹೆಸರು ಹೋಯಿತು. ಅದು ಹೋಗಲಿ. ಹೊಲದ ಆ ಮೂಲೆಯಲ್ಲಿ ಹಿಂಗಾರಿಗೆ ಬಿತ್ತಿದ ಕಡಲೆಯೂ ಸರಿಯಾಗಿ ಏಳಲಿಲ್ಲ. ಆ ಮಣ್ಣಿನ ಚೀಲಗಳು ತಾಡಪಾಲಿನ ಮೇಲೆ ಹಾಗೆಯೇ ಇವೆ, ಮೇಲೊಂದು ತಗಡು ಹೊದಿಸಿದ್ದೇನೆ. ಸೋಪಿನ ನೀರಿನ ಡ್ರಮ್ಮಿಗೆ ಮುಚ್ಚಳ ಬಿಗಿದು ನೆರಳಿಗೆ ಇಟ್ಟಿದ್ದೇನೆ. ಆ ಸರ್ಕಾರಿ ಕಚೇರಿಗೆ ಅರ್ಜಿ ಕೊಟ್ಟಿದ್ದೇನೆ. ಯಾರಾದರೂ ಬಂದು ಒಯ್ಯುತ್ತಾರೇನ್ರಿ ಎಂದು ಹೆಂಡತಿ ಈಗ ಕೇಳುವುದನ್ನು ಬಿಟ್ಟಿದ್ದಾಳೆ.

ಕೆಲಸ ಬಿಟ್ಟಿಲ್ಲ. ನಾನು ಬಿಟ್ಟರೆ ಊರವರು ತಾವೇ ಬಿಚ್ಚಿ ಎಲ್ಲಿಯೋ ಸುರಿಯುತ್ತಾರೆ. ಈಗ ಗಾಡಿಯ ಕೆಳಗೆ ಅಗಲವಾದ ತಗಡಿನ ಪರಾತ ಇಡದೆ ಬೋಲ್ಟ್ ಮುಟ್ಟುವುದಿಲ್ಲ. ಇಂಜಿನ್ ಸ್ವಲ್ಪ ಬೆಚ್ಚಗಿರುವಾಗ ಇಳಿಸಿದರೆ ಒಳಗಿನದೆಲ್ಲ ಬರುತ್ತದೆ, ಕೊನೆಯ ಹನಿಯವರೆಗೆ ಕಾಯುತ್ತೇನೆ. ಹಳೆ ಫಿಲ್ಟರಿಗೆ ತೂತು ಹೊಡೆದು ಒಂದು ಇಡೀ ದಿನ ಬೋರಲು ಹಾಕುತ್ತೇನೆ. ಹೊಸ ಆಯಿಲ್ ಬಂದ ಕ್ಯಾನಿನಲ್ಲಿಯೇ ಹಳೆಯದನ್ನು ತುಂಬಿ, ಬಿಗಿ ಮುಚ್ಚಿ, ಮೇಲೆ ಬರೆದು, ಗಾಡಿಯ ಮಾಲೀಕನ ಕೈಗೇ ಕೊಡುತ್ತೇನೆ. ಹುಬ್ಬಳ್ಳಿಗೆ ಹೋದಾಗ ನೀವೇ ಬ್ಯಾರಲ್ಲಿಗೆ ಹಾಕಿ ಬನ್ನಿರಿ ಎನ್ನುತ್ತೇನೆ. ಅರ್ಧ ಜನ ಹಾಕುತ್ತಾರೆ. ಉಳಿದವರು ಏನು ಮಾಡುತ್ತಾರೋ ನಾನು ಹಿಂದೆ ಹೋಗಿ ನೋಡಿಲ್ಲ. ತೊಲೆಗೆ ಬೇಕು ಎಂದು ಕೇಳಿ ಬಂದವರಿಗೆ ಇಲ್ಲ ಎಂದರೆ ಮುನಿಸಿಕೊಳ್ಳುತ್ತಾರೆ. ಅಂಗಡಿಯ ಬ್ಯಾರಲ್ ತುಂಬಿ ತಿಂಗಳಾಯಿತು, ಪರವಾನಗಿಯವರ ಗಾಡಿ ಮುಂದಿನ ವಾರ ಬರುತ್ತದೆ ಎಂದು ಪ್ರತಿ ವಾರ ಹೇಳುತ್ತಾರೆ.

ಈ ವರ್ಷ ರೋಹಿಣಿ ಮಳೆ ಬಿದ್ದ ಮೇಲೆ ಕುಂಬಾರ ಆಯಿ ಮತ್ತೆ ಖಾಲಿ ಬುಟ್ಟಿ ಹಿಡಿದು ಬಂದಳು. ನಾನು ಮಾಳಿಗೆಯ ಮೇಲೆ ಕಸ ಗುಡಿಸುತ್ತಿದ್ದೆ. ಪೂಜೆ ಮುಗಿದ ಎತ್ತುಗಳನ್ನು ನಮ್ಮಲ್ಲಿ ಮಾಳಿಗೆಗೆ ಏರಿಸುತ್ತಾರೆ. ಅಲ್ಲಿ ಅವು ಬಿಸಿಲಿಗೆ ಬಿರಿದು, ಮಳೆಗೆ ಕರಗಿ, ಮಾಳಿಗೆಯ ಮಣ್ಣಿನಲ್ಲಿ ಮಣ್ಣಾಗುತ್ತವೆ. ಹೋದ ವರ್ಷ ಆಯಿಯ ಮೊಂಡು ಕೊಂಬಿನ ಜೋಡಿಯನ್ನು ಇಟ್ಟ ಕಡೆ ಈಗ ಏನೂ ಇರಲಿಲ್ಲ. ಅವುಗಳ ಪಕ್ಕದಲ್ಲಿಯೇ ನಾನು ಆ ಒಂಟಿ ಎತ್ತನ್ನೂ ಇಟ್ಟಿದ್ದೆ. ಒಂದು ಮಳೆಗಾಲ, ಒಂದು ಬೇಸಿಗೆ ಕಳೆದಿತ್ತು. ಅದನ್ನು ಎತ್ತಿ ನೋಡಿದೆ. ಆಯಿಲ್ ಕುಡಿದ ಮೈಮೇಲೆ ಒಂದು ಬಿರುಕಿಲ್ಲ. ಕೊಂಬಿನ ತುದಿ ಕೂಡ ಅವಳು ತಿದ್ದಿದ ಹಾಗೆಯೇ ಚೂಪಾಗಿತ್ತು.

ಆಯಿ ಏಣಿಯ ಬುಡದಲ್ಲಿ ನಿಂತು ತಲೆ ಎತ್ತಿದಳು. “ಅದು ಇನ್ನೂ ಕರಗಿಲ್ಲೇನು?”

“ಇಲ್ಲ ಆಯಿ.”

ಅವಳು ಬುಟ್ಟಿಯನ್ನು ಒಂದು ಕಂಕುಳಿಂದ ಇನ್ನೊಂದಕ್ಕೆ ಬದಲಿಸಿದಳು.

“ಹಂಗಾರ ಈ ವರ್ಷ ಮಣ್ಣ ಎಲ್ಲಿಂದ ತರ್ಲಿ, ನೀನ ಹೇಳು.”

ಎತ್ತನ್ನು ಕೈಯಲ್ಲಿ ಹಿಡಿದುಕೊಂಡೇ ನಾನು ಏಣಿ ಇಳಿದು ಅವಳ ಬುಟ್ಟಿಗೆ ಕೈ ಚಾಚಿದೆ.